ಮಕ್ಕಳಲ್ಲಿ ರಕ್ತ ನಂಜು: ಪ್ರಾಣ ಉಳಿದ ಮೇಲೂ ಬೇಕು ಎಚ್ಚರ

ಮಕ್ಕಳಿಗೆ ಜ್ವರ, ಕೆಮ್ಮು, ಭೇದಿ ಬಂದುಹೋಗುವುದು ಸಹಜ. ಆದರೆ ಕೆಲವೊಮ್ಮೆ ಸಾಮಾನ್ಯವೆಂದು ತೋರಿದ ಸೋಂಕೇ ಉಲ್ಬಣಿಸಿ ಮಗುವನ್ನು ತೀವ್ರ ನಿಗಾ ಘಟಕಕ್ಕೆ ತಲುಪಿಸುತ್ತದೆ. ವೈದ್ಯರು ಸೆಪ್ಸಿಸ್ ಎನ್ನುವ ಈ ಸ್ಥಿತಿಗೆ ರೂಢಿಯಲ್ಲಿ ರಕ್ತ ನಂಜು ಎಂಬ ಹೆಸರಿದೆ. ಹೆಸರು ಹಾಗಿದ್ದರೂ ರಕ್ತಪರೀಕ್ಷೆಯಲ್ಲಿ ರೋಗಾಣುಗಳು ಕಾಣಲೇಬೇಕೆಂದಿಲ್ಲ. ಸೋಂಕನ್ನು ಎದುರಿಸಬೇಕಾದ ದೇಹದ ಪ್ರತಿರೋಧವೇ ಹದತಪ್ಪಿ ತನ್ನ ಅಂಗಾಂಗಗಳಿಗೆ ಹಾನಿ ಮಾಡುವುದು ಇದರ ಮೂಲ. ನ್ಯುಮೋನಿಯಾ, ಮೆದುಳು ಜ್ವರ, ಮೂತ್ರದ ಅಥವಾ ಕರುಳಿನ ಸೋಂಕು ಇವುಗಳಲ್ಲಿ ಯಾವುದರಿಂದಲೂ ಇದು ಆರಂಭವಾಗಬಹುದು.

2017ರಲ್ಲಿ ಜಗತ್ತಿನಾದ್ಯಂತ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು 2 ಕೋಟಿ ಸೆಪ್ಸಿಸ್ ಪ್ರಕರಣಗಳು ಉಂಟಾಗಿ, ಸುಮಾರು 29 ಲಕ್ಷ ಮಕ್ಕಳು ಅಸುನೀಗಿದರೆಂದು 2020ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಅಂದಾಜಿಸಿದೆ.

ಮಕ್ಕಳ ಸೆಪ್ಸಿಸ್ ಗುರುತಿಸಲು 2024ರ ಜನವರಿಯಲ್ಲಿ ಫೀನಿಕ್ಸ್ ಎಂಬ ಹೊಸ ಮಾನದಂಡ ಪ್ರಕಟವಾಯಿತು. ಸೋಂಕಿನ ಶಂಕೆಯಿರುವ ಮಗುವಿನ ಉಸಿರಾಟ, ರಕ್ತಪರಿಚಲನೆ, ರಕ್ತ ಹೆಪ್ಪುಗಟ್ಟುವಿಕೆ ಮತ್ತು ಮೆದುಳಿನ ಸ್ಥಿತಿಗಳಿಗೆ ಅಂಕ ನೀಡಿ, ಒಟ್ಟು 2 ಅಥವಾ ಹೆಚ್ಚಾದರೆ ಸೆಪ್ಸಿಸ್ ಎಂದು ಪರಿಗಣಿಸಲಾಗುತ್ತದೆ. ಅದಕ್ಕಾಗಿ ನಡೆದ ಅಧ್ಯಯನದಲ್ಲಿ ಹೀಗೆ ಗುರುತಿಸಲಾದ ಮಕ್ಕಳ ಪೈಕಿ, ಸೌಲಭ್ಯಗಳು ಹೆಚ್ಚಿರುವ ಕಡೆ ಶೇ. 7.1ರಷ್ಟು, ಕಡಿಮೆಯಿರುವ ಕಡೆ ಶೇ. 28.5ರಷ್ಟು ಮಕ್ಕಳು ಆಸ್ಪತ್ರೆಯಲ್ಲೇ ಮೃತಪಟ್ಟಿದ್ದರು. ತಡವಾಗಿ ಆಸ್ಪತ್ರೆ ಸೇರುವುದು, ಅಪೌಷ್ಟಿಕತೆ, ಸಲಕರಣೆ ಮತ್ತು ಸಿಬ್ಬಂದಿಯ ಕೊರತೆ ಇವೆಲ್ಲ ಅಪಾಯವನ್ನು ಹೆಚ್ಚಿಸುವ ಅಂಶಗಳು.

ಇಲ್ಲಿ ಸಮಯವೇ ದೊಡ್ಡ ಔಷಧ. ರಕ್ತಪರಿಚಲನೆ ಕುಸಿದು ಮಗು ಆಘಾತ ಸ್ಥಿತಿಗೆ ಜಾರಿದ್ದರೆ ಒಂದು ಗಂಟೆಯೊಳಗೆ, ಇಲ್ಲವಾದರೆ ಅಗತ್ಯ ತಪಾಸಣೆ ಮುಗಿಸಿ ಮೂರು ಗಂಟೆಯೊಳಗೆ ಆಂಟಿಬಯೋಟಿಕ್ ಆರಂಭಿಸಬೇಕೆಂದು 2020ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ.

ಮಗು ಮನೆಗೆ ಮರಳಿದೊಡನೆ ಎಲ್ಲವೂ ಮುಗಿಯಿತೆಂದು ಭಾವಿಸಲಾಗದು. ಸೆಪ್ಸಿಸ್‌ನಿಂದ ಆಘಾತ ಸ್ಥಿತಿ ತಲುಪಿ ಬದುಕುಳಿದ ಮಕ್ಕಳ ಕುರಿತು ಅಮೆರಿಕದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೇ. 35ರಷ್ಟು ಮಕ್ಕಳ ಜೀವನ ಗುಣಮಟ್ಟವು ವರ್ಷ ಕಳೆದರೂ ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ಸ್ನಾಯುಗಳ ನಿತ್ರಾಣ, ಬೇಗನೆ ಆಯಾಸ, ಓದಿನಲ್ಲಿ ಏಕಾಗ್ರತೆಯ ಕೊರತೆ, ನಿದ್ರಾಭಂಗ, ಭಯ ಮುಂತಾದವು ಉಳಿದುಕೊಳ್ಳಬಹುದು. ಇಂಥ ಮಗುವನ್ನು ಸೋಮಾರಿಯೆಂದು ಗದರಿಸದೆ, ಶಾಲೆಗೂ ವಿಷಯ ತಿಳಿಸಿ, ವೈದ್ಯರು ಸೂಚಿಸಿದ ಮರುತಪಾಸಣೆಗಳನ್ನು ತಪ್ಪಿಸದಿರುವುದು ಹೆತ್ತವರ ಹೊಣೆ.

ಸೋಂಕಿನ ನಡುವೆ ಮಗು ಏದುಸಿರು ಬಿಡುತ್ತಿದ್ದರೆ, ಕೈಕಾಲು ತಣ್ಣಗಾಗಿ ಚರ್ಮ ಬಿಳಿಚಿಕೊಂಡರೆ ಅಥವಾ ನೀಲಿಗಟ್ಟಿದರೆ, ಎಬ್ಬಿಸಿದರೂ ಮಂಕಾಗಿಯೇ ಇದ್ದರೆ, ಹಾಲು ನೀರು ಕುಡಿಯದಿದ್ದರೆ, ಮೂತ್ರ ತೀರ ಕಡಿಮೆಯಾದರೆ ಬೆಳಗಾಗಲೆಂದು ಕಾಯಬಾರದು; ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಹಸುಗೂಸುಗಳಲ್ಲಿ ಜ್ವರದ ಬದಲು ಮೈ ತಣ್ಣಗಾಗುವುದೂ ಉಂಟು. ಮನೆಯಲ್ಲಿ ಉಳಿದಿರುವ ಹಳೆಯ ಆಂಟಿಬಯೋಟಿಕ್ ನೀಡುವುದು ಸಲ್ಲದು. ಸಕಾಲದಲ್ಲಿ ಲಸಿಕೆ, ಕೈಗಳ ಸ್ವಚ್ಛತೆ ಮತ್ತು ಶುದ್ಧ ನೀರು ಅನೇಕ ಸೋಂಕುಗಳನ್ನು ಬಾಗಿಲಲ್ಲೇ ತಡೆಯುತ್ತವೆ. "ಮಗು ಎಂದಿನಂತಿಲ್ಲ" ಎಂದು ತಾಯಿಗೋ ಅಜ್ಜಿಗೋ ಅನಿಸಿದರೆ, ಆ ಮಾತನ್ನು ವೈದ್ಯರಿಗೆ ಹೇಳಲು ಸಂಕೋಚ ಬೇಡ.