ಹೆಸರಿಲ್ಲದ ವ್ಯಕ್ತಿ ಮತ್ತು ಇಂಗ್ಲಿಷಿನ ಸರ್ವನಾಮ

ಗ್ರಂಥಾಲಯದ ಮೇಜಿನ ಬಳಿ ಒಂದು ಕೊಡೆ ಬಿದ್ದಿದೆ. ಒಡೆಯರು ಯಾರೆಂಬುದು ತಿಳಿಯದು. 'ಯಾರೋ ತಮ್ಮ ಕೊಡೆಯನ್ನು ಬಿಟ್ಟುಹೋಗಿದ್ದಾರೆ' ಎಂದರೆ ಕನ್ನಡದಲ್ಲಿ ಮಾತು ಮುಗಿಯುತ್ತದೆ. ಇದನ್ನೇ ಇಂಗ್ಲಿಷಿನಲ್ಲಿ ಬರೆಯಹೊರಟ ವಿದ್ಯಾರ್ಥಿಗಳು 'ಸಮ್‌ಒನ್' ಎಂದು ನಿರಾತಂಕವಾಗಿ ಆರಂಭಿಸಿ, 'ತಮ್ಮ' ಎಂಬಲ್ಲಿಗೆ ಬಂದೊಡನೆ ತಡೆಯುತ್ತಾರೆ. 'ಹಿಸ್' ಎನ್ನಬೇಕೆ, 'ಹರ್' ಎನ್ನಬೇಕೆ, 'ದೇರ್' ಎನ್ನಬೇಕೆ? ಈ ತೊಡಕು ವ್ಯಾಕರಣಕ್ಕೆ ಮಾತ್ರ ಸೇರಿದುದಲ್ಲ. ಅದಕ್ಕೊಂದು ಚರಿತ್ರೆಯೂ ಉಂಟು.

ಮೊದಲು ರೂಪಗಳನ್ನು ನೋಡೋಣ. ವ್ಯಕ್ತಿಯೊಬ್ಬರು ಇದ್ದಾರೆ, ಆದರೆ ಹೆಸರು ತಿಳಿಯದು ಅಥವಾ ಹೇಳಬೇಕಾಗಿಲ್ಲ ಎಂಬಲ್ಲಿ 'ಸಮ್‌ಒನ್', 'ಸಮ್‌ಬಡಿ' ಬರುತ್ತವೆ. ಇವು ನಮ್ಮ 'ಯಾರೋ'. ಯಾರೇ ಆಗಬಹುದು ಎಂಬಲ್ಲಿ 'ಎನಿಒನ್', 'ಎನಿಬಡಿ'. ಇವು ನಮ್ಮ 'ಯಾರಾದರೂ'. 'ಯಾರೂ ಬರಲಿಲ್ಲ' ಎಂಬಲ್ಲಿ ಕನ್ನಡವು ನಿಷೇಧವನ್ನು ಕ್ರಿಯಾಪದದಲ್ಲಿಟ್ಟರೆ, ಇಂಗ್ಲಿಷ್ ಅದನ್ನು 'ನೋಬಡಿ' ಎಂಬ ಸರ್ವನಾಮದಲ್ಲಿಯೇ ಇಡುತ್ತದೆ. ಇವೆಲ್ಲವೂ ಏಕವಚನದ ಕ್ರಿಯಾಪದವನ್ನು ಬಯಸುತ್ತವೆ. ಇವುಗಳಲ್ಲಿ ಯಾವುದೂ ಲಿಂಗವನ್ನು ಸೂಚಿಸುವುದಿಲ್ಲ. ಅದೇ ವ್ಯಕ್ತಿಯನ್ನು ಮತ್ತೆ ನಿರ್ದೇಶಿಸಬೇಕಾದಾಗ ಮಾತ್ರ ಕಷ್ಟ ತಲೆದೋರುತ್ತದೆ.

ಪ್ರಾಚೀನ ಇಂಗ್ಲಿಷಿನಲ್ಲಿ 'ಮನ್' ಎಂಬ ಶಬ್ದವು ಮನುಷ್ಯಮಾತ್ರರನ್ನು ಸೂಚಿಸುತ್ತಿದ್ದು, ಅನಿರ್ದಿಷ್ಟ ಸರ್ವನಾಮವಾಗಿಯೂ ಬಳಕೆಯಲ್ಲಿತ್ತು. ಇಂದಿನ ಜರ್ಮನ್ ಭಾಷೆಯಲ್ಲಿ ಆ ಪ್ರಯೋಗ ಉಳಿದಿದೆ. ಇಂಗ್ಲಿಷಿನಲ್ಲಿ ಮಧ್ಯಯುಗ ಮುಗಿಯುವ ವೇಳೆಗೆ ಅದು ಮರೆಯಾಯಿತು. 'ಮ್ಯಾನ್' ಶಬ್ದದಲ್ಲಿ ಪುರುಷ ಎಂಬ ಅರ್ಥವೇ ಬಲಿಯಿತು. ಇತ್ತ, ಹೆಸರಿಲ್ಲದ ಒಬ್ಬ ವ್ಯಕ್ತಿಯನ್ನು 'ದೇ' ಎಂದು ನಿರ್ದೇಶಿಸುವ ರೂಢಿ 14ನೆಯ ಶತಮಾನದಿಂದಲೇ ಕಂಡುಬರುತ್ತದೆ. ಚಾಸರನಲ್ಲಿಯೂ ಜೇನ್ ಆಸ್ಟಿನ್ನಳಲ್ಲಿಯೂ ಅದು ಉಂಟು. ಆದರೆ 18ನೆಯ ಶತಮಾನದಿಂದ ಮುಂದೆ ವೈಯಾಕರಣರು ವಚನಭಂಗವೆಂದು ಇದನ್ನು ಆಕ್ಷೇಪಿಸಿ, 'ಹೀ' ಎಂಬುದೇ ಸ್ತ್ರೀಪುರುಷರಿಬ್ಬರಿಗೂ ಸಾಕೆಂಬ ಸೂತ್ರವನ್ನು ನೆಲೆಗೊಳಿಸಿದರು. ಆ ಸೂತ್ರವನ್ನು ಮೊದಮೊದಲು ಹೇಳಿದವರಲ್ಲಿ ಆ್ಯನ್ ಫಿಷರ್ ಎಂಬ ಮಹಿಳೆಯೂ ಒಬ್ಬಳೆಂಬುದು ಗಮನಾರ್ಹ.

ಸೂತ್ರವು ಶಾಸನಕ್ಕೂ ಏರಿತು. ಬೇರೆ ವಿಧಿಯಿಲ್ಲದಿದ್ದರೆ ಪುಲ್ಲಿಂಗ ಪದಗಳು ಸ್ತ್ರೀಯರನ್ನೂ ಒಳಗೊಳ್ಳುತ್ತವೆಂದು ಬ್ರಿಟಿಷ್ ಪಾರ್ಲಿಮೆಂಟು 1850ರಲ್ಲಿ ವಿಧಿಸಿತು. ಆದರೆ ಪರೀಕ್ಷೆ ಬಂದುದು ಮತದಾನದ ಪ್ರಶ್ನೆಯಲ್ಲಿ. 1867ರ ಸುಧಾರಣಾ ಮಸೂದೆಯಲ್ಲಿ 'ಮ್ಯಾನ್' ಎಂಬುದರ ಸ್ಥಾನದಲ್ಲಿ 'ಪರ್ಸನ್' ಎಂದು ಹಾಕಬೇಕೆಂದು ಜಾನ್ ಸ್ಟೂಅರ್ಟ್ ಮಿಲ್ ತಿದ್ದುಪಡಿ ತಂದನು. ಅದು 73ಕ್ಕೆ 196 ಮತಗಳಿಂದ ಬಿದ್ದುಹೋಯಿತು. ಮರುವರ್ಷ ಮ್ಯಾಂಚೆಸ್ಟರಿನ ಸ್ತ್ರೀಯರು 1850ರ ವಿಧಿಯನ್ನೇ ಆಧರಿಸಿ ಹಕ್ಕು ಕೇಳಿದಾಗ, ಇಲ್ಲಿನ 'ಮ್ಯಾನ್' ಸ್ತ್ರೀಯರನ್ನು ಒಳಗೊಳ್ಳದೆಂದು ನ್ಯಾಯಾಲಯ ತೀರ್ಮಾನಿಸಿತು. ಕೆನಡಾದ ಸೆನೆಟಿಗೆ ಅರ್ಹರಾದ 'ವ್ಯಕ್ತಿ'ಗಳಲ್ಲಿ ಸ್ತ್ರೀಯರೂ ಸೇರುತ್ತಾರೆಂದು ಪ್ರಿವಿ ಕೌನ್ಸಿಲ್ ಹೇಳಿದ್ದು 1929ರಲ್ಲಿ. ಎಲ್ಲರನ್ನೂ ಒಳಗೊಳ್ಳುತ್ತದೆನ್ನಲಾದ ಪದವು ಬೇಕಾದಾಗ ಒಳಗೊಂಡು ಬೇಡವಾದಾಗ ಹೊರಗಿಡಬಲ್ಲದೆಂಬುದು ಇದರಿಂದ ವ್ಯಕ್ತವಾಗುತ್ತದೆ. ನಮ್ಮ 1897ರ ಸಾಮಾನ್ಯ ಖಂಡಗಳ ಅಧಿನಿಯಮದಲ್ಲಿಯೂ ಅದೇ ಬಗೆಯ ವಿಧಿಯಿದೆ. ಆದ್ದರಿಂದ ಈ ವಿಚಾರ ನಮಗೂ ದೂರದ್ದಲ್ಲ.

ಇಂದು 'ದೇ' ಮತ್ತೆ ಮಾನ್ಯವಾಗಿದೆ. ಅಮೆರಿಕದ ಮನೋವಿಜ್ಞಾನ ಸಂಘದ ಬರವಣಿಗೆಯ ಕೈಪಿಡಿಯು 2019ರಲ್ಲಿ ಅದನ್ನು ಅನುಮೋದಿಸಿತು. ಕನ್ನಡಿಗರಿಗೆ ಇದು ಅಪರಿಚಿತವಾಗಬೇಕಾಗಿಲ್ಲ. ಒಬ್ಬರೇ ಬಂದಿದ್ದರೂ ನಾವು ಸಾಮಾನ್ಯವಾಗಿ 'ಯಾರೋ ಬಂದರು' ಎನ್ನುತ್ತೇವೆ. ಬಹುವಚನದ ರೂಪವು ಲಿಂಗದ ಪ್ರಶ್ನೆಯನ್ನು ತೆರೆದೇ ಬಿಡುತ್ತದೆ. 'ಸಮ್‌ಒನ್' ಎಂದು ಆರಂಭಿಸಿ 'ದೇರ್' ಎಂದು ಮುಗಿಸಿದ ವಿದ್ಯಾರ್ಥಿಯ ವಾಕ್ಯವನ್ನು ಅಧ್ಯಾಪಕರು ಇನ್ನು ಕೆಂಪು ಶಾಯಿಯಿಂದ ಹೊಡೆದುಹಾಕಬೇಕಾಗಿಲ್ಲ. ಚರಿತ್ರೆಯ ವಿದ್ಯಾರ್ಥಿಗಳು ಮಾತ್ರ ಹಳೆಯ ದಾಖಲೆಗಳಲ್ಲಿ 'ಹೀ', 'ಮ್ಯಾನ್' ಎಂಬುವನ್ನು ಕಂಡಾಗ, ಅಲ್ಲಿ ಯಾರು ಒಳಗಿದ್ದರು, ಯಾರು ಹೊರಗಿದ್ದರು ಎಂಬುದನ್ನು ಪ್ರತಿಸಲವೂ ವಿಚಾರಿಸಿಯೇ ಮುಂದುವರಿಯಬೇಕು.