ಹರಕೆಯ ಕೂದಲಿಗೂ ಹಣಿಗೆ ಬೇಕು

ರಾಯಚೂರಿನಿಂದ ಮಂತ್ರಾಲಯದ ಕಡೆಗೆ ಹೋಗುವ ರೈಲು ಹಾದಿಯಲ್ಲಿ ಮಟಮಾರಿಯೆಂಬ ಊರುಂಟು. ಅಲ್ಲಿಯೂ ಸುತ್ತಣ ಸೀಮೆಯಲ್ಲಿಯೂ ಜವಳವಾಗುವ ತನಕ ಗಂಡುಮಕ್ಕಳ ತಲೆಗೆ ಕತ್ತರಿ ತಾಕಿಸದ ಮನೆಗಳುಂಟು. ಮನೆದೇವರ ಹರಕೆಯಿದ್ದಲ್ಲಿ ಮೂರನೆಯ ಅಥವಾ ಐದನೆಯ ವರ್ಷದವರೆಗೂ ಕೂದಲು ಬೆಳೆಯುವುದು. ದೇವರಿಗೆ ಮುಡಿಪಾದ ಕೂದಲೆಂದು ಅದನ್ನು ಬಾಚದೆ ಬಿಟ್ಟರೆ ಬಾಧೆಪಡುವುದು ಮಗು. ಹರಕೆಯು ತಡೆಯುವುದು ಕತ್ತರಿಯನ್ನು, ಹಣಿಗೆಯನ್ನಲ್ಲ. ಇದನ್ನು ನಾವು ಹೆತ್ತವರಿಗೆ ಮೊದಲು ಅರಿಕೆ ಮಾಡುತ್ತೇವೆ.

ಬೇಸಗೆಯ ಬಿಸಿಲು 40 ಡಿಗ್ರಿ ದಾಟುವ ಈ ನಾಡಿನಲ್ಲಿ ಬೆವರು, ಧೂಳು, ಎಣ್ಣೆಯ ಜಿಡ್ಡು ಸೇರಿ ಕೂದಲು ಬೇಗನೆ ಗಂಟಾಗುವುದು. ವಾರಕ್ಕೆರಡು ಬಾರಿ ಸೀಗೆಪುಡಿಯಿಂದಾಗಲಿ ಮೃದುವಾದ ಶಾಂಪೂವಿನಿಂದಾಗಲಿ ತಲೆ ತೊಳೆಯಬೇಕು. ಕಣ್ಣಿಗೆ ಹೋಗದಂತೆ ಮಗುವಿನ ಮುಖವನ್ನು ಮೇಲಕ್ಕೆತ್ತಿ ನೀರೆರೆಯತಕ್ಕದ್ದು. ನೆರಳಿನಲ್ಲಿ ಆರಿದ ಮೇಲೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿ, ಅಗಲ ಹಲ್ಲಿನ ಹಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಬಿಡಿಸಬೇಕು. ಬಳಿಕ ಒಂದೇ ಸಡಿಲ ಜಡೆಯನ್ನು ಹೆಣೆದು ಮೆತ್ತನೆಯ ಬಟ್ಟೆಯ ಪಟ್ಟಿಯಿಂದ ಕಟ್ಟಿದರೆ ಆಟಕ್ಕೆ ಅಡ್ಡಿಯಾಗದು. ಬಿಗಿದು ಕಟ್ಟಿದರೆ ಹಣೆಯಂಚಿನ ಕೂದಲು ಉದುರುವುದು. ಒದ್ದೆಯಾಗಿರುವಾಗಲಂತೂ ಹೆಣೆಯಲೇ ಕೂಡದು.

ಹೇನು ತಲೆಯಿಂದ ತಲೆಗೆ ಹರಿದು ಬರುವುದೇ ಹೊರತು ಹಾರಿ ಬರುವುದಿಲ್ಲ. ಸೀರು ಒಡೆಯಲು ವಾರ, ಹತ್ತು ದಿನ ಹಿಡಿಯುವುದರಿಂದ, ದಟ್ಟ ಹಲ್ಲಿನ ಹಣಿಗೆಯಿಂದ ಮೂರು ದಿನಕ್ಕೊಮ್ಮೆಯಂತೆ ಎರಡು ವಾರ ಬಾಚಬೇಕು. ಸೀಮೆಎಣ್ಣೆಯನ್ನು ಎಂದಿಗೂ ಹಚ್ಚಬಾರದು. ಅದು ಚರ್ಮವನ್ನು ಸುಡುವುದು, ಬೆಂಕಿಯ ಭಯವೂ ಉಂಟು. ತಲೆಯಲ್ಲಿ ಕೀವು ಅಥವಾ ಕೂದಲುದುರಿದ ದುಂಡನೆಯ ಕಲೆ ಕಂಡರೆ ವೈದ್ಯರಿಗೆ ತೋರಿಸಬೇಕು.

ಇನ್ನೊಂದು ಮಾತು. ಗಂಟುಗಟ್ಟಿದ ಜಡೆಯನ್ನು ದೇವಿಯ ಕರೆಯೆಂದು ನಂಬಿ ಮಕ್ಕಳನ್ನು ದೇವರಿಗೆ ಬಿಟ್ಟ ಸಂಗತಿಗಳು ಉತ್ತರ ಕರ್ನಾಟಕದಲ್ಲಿ ನಡೆದಿವೆ. ಹೆಣ್ಣುಮಕ್ಕಳನ್ನು ಹಾಗೆ ಬಿಡುವುದು ಅಪರಾಧವೆಂದು 1982ರ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆಯೇ ಸಾರಿತು. ಆ ಗಂಟು ಬಾಚದ ಕೂದಲಿನ ಗಂಟೇ ಹೊರತು ಬೇರೇನೂ ಅಲ್ಲ. ಎಣ್ಣೆ ಹಚ್ಚಿ ಬೆರಳಿನಿಂದ ಬಿಡಿಸಿದರೆ ಹೆಚ್ಚಿನವು ಬಿಡುವುವು. ಬಿಡದಿದ್ದರೆ ಅಷ್ಟನ್ನು ಮಾತ್ರ ಕತ್ತರಿಸಿ ಬಟ್ಟೆಯಲ್ಲಿ ಕಟ್ಟಿಟ್ಟು ಜವಳದ ದಿನ ಉಳಿದ ಕೂದಲಿನೊಡನೆ ಒಪ್ಪಿಸಬಹುದು.

ಜವಳದ ದಿನವೂ ಹೊಸ ಬ್ಲೇಡನ್ನೇ ಕೇಳಿ ತೆಗೆಸಿರಿ. ಗಾಯವಿಲ್ಲದ, ಹೇನಿಲ್ಲದ ತಲೆಯನ್ನು ದೇವರ ಮುಂದೆ ಬಾಗಿಸುವ ಮಗುವಿನಲ್ಲಿ ಹರಕೆಯೂ ಆರೋಗ್ಯವೂ ಒಟ್ಟಿಗೆ ಸಂದಂತಾಗುವುದು.