ಒಂದೇ ಕಾರು, ಒಂದೇ ಲೀಟರ್: 38 ಅಥವಾ 21?

ಲೀಟರಿಗೆ 38 ಕಿಲೋಮೀಟರ್! 2009ರಲ್ಲಿ ಮೂರನೇ ತಲೆಮಾರಿನ ಟೊಯೋಟಾ ಪ್ರಿಯಸ್ ಜಪಾನಿನಲ್ಲಿ ಬಿಡುಗಡೆಯಾದಾಗ ಅದರ ಅತಿ ಹಗುರ ಮಾದರಿಗೆ ಘೋಷಿಸಿದ ಮೈಲೇಜ್ ಇದು. ಅದೇ ಪ್ರಿಯಸ್ ಯೂರೋಪಿನ ಪರೀಕ್ಷೆಯಲ್ಲಿ 25.6ಕ್ಕೆ ಇಳಿಯಿತು. ಅಮೆರಿಕದಲ್ಲಿ ಗ್ಯಾಲನ್ನಿಗೆ 50 ಮೈಲಿ, ಅಂದರೆ ಲೀಟರಿಗೆ ಬರೀ 21.3. ಎಂಜಿನ್ ಎಲ್ಲ ಕಡೆಯೂ 1.8 ಲೀಟರಿನದೇ, ಟ್ಯಾಂಕ್ 45 ಲೀಟರಿನದೇ. ಆ ಟ್ಯಾಂಕನ್ನು ಭರ್ತಿ ಮಾಡಿ ನೋಡಿ: ಜಪಾನಿನ ಲೆಕ್ಕದಲ್ಲಿ 1,710 ಕಿ.ಮೀ. ಓಡಬೇಕು, ಅಮೆರಿಕದ ಲೆಕ್ಕದಲ್ಲಿ 958. ನಡುವಿನ ಅಂತರ 750 ಕಿ.ಮೀ. ಬೆಂಗಳೂರಿನಿಂದ ಮಂಗಳೂರಿಗೆ ಹೋಗಿ ವಾಪಸ್ ಬಂದರೂ ಮುಗಿಯದಷ್ಟು ದಾರಿ!

ಆ 38 ಹುಟ್ಟಿದ ಬಗೆ ಇನ್ನೂ ಸೋಜಿಗ. ಜಪಾನಿನ ಹಳೆಯ '10-15' ಪರೀಕ್ಷೆಯ ಅವಧಿ 11 ನಿಮಿಷ. ಪ್ರಯೋಗಾಲಯದ ರೋಲರ್‌ಗಳ ಮೇಲೆ ಚಕ್ರ ಉರುಳಬೇಕಾದ ದೂರ 4.16 ಕಿ.ಮೀ. ಗರಿಷ್ಠ ವೇಗ ಗಂಟೆಗೆ 70 ಕಿ.ಮೀ. ಇಷ್ಟಕ್ಕೆ ಪ್ರಿಯಸ್ ಕುಡಿಯುವ ಪೆಟ್ರೋಲ್ ಸುಮಾರು 110 ಮಿಲಿಲೀಟರ್, ಹೋಟೆಲಿನ ಒಂದು ಲೋಟ ಕಾಫಿಯಷ್ಟು. ಆ ಒಂದು ಲೋಟವನ್ನು 400ಕ್ಕೂ ಹೆಚ್ಚು ಪಟ್ಟು ಹಿಗ್ಗಿಸಿದಾಗ ಸಿಗುವುದೇ 1,710 ಕಿ.ಮೀ. ಮುಂದೆ ಜಪಾನ್ ಹೆಚ್ಚು ಕಠಿಣವಾದ 'ಜೆಸಿ08' ಪರೀಕ್ಷೆಗೆ ಬದಲಾದಾಗ ಇದೇ ಕಾರಿನ ಅಂಕಿ 32.6 ಆಯಿತು. ಕಾರಿನ ಒಂದು ಬೋಲ್ಟನ್ನೂ ಯಾರೂ ಮುಟ್ಟಿರಲಿಲ್ಲ, ಲೀಟರಿಗೆ 5.4 ಕಿ.ಮೀ. ಮಾಯ!

ಯೂರೋಪಿನ ಅದೇ 25.6 ಅನ್ನು ಬ್ರಿಟನ್ನಿನವರು ಓದಿದ ರೂಪವೇ ಬೇರೆ: ಗ್ಯಾಲನ್ನಿಗೆ 72.4 ಮೈಲಿ. ಅಮೆರಿಕದವರ 50ರ ಮುಂದೆ ಇದು ಬೇರೆಯೇ ಕಾರಿನಂತೆ ಕಾಣುತ್ತದೆ. ಬ್ರಿಟನ್ನಿನ ಗ್ಯಾಲನ್ನಿನಲ್ಲಿ 4.546 ಲೀಟರ್, ಅಮೆರಿಕದ ಗ್ಯಾಲನ್ನಿನಲ್ಲಿ 3.785. ಒಂದೇ ಹೆಸರಿನ ಎರಡು ಅಳತೆಗಳ ನಡುವೆ ಮುಕ್ಕಾಲು ಲೀಟರ್ ವ್ಯತ್ಯಾಸ!

ಇನ್ನು ಯೂರೋಪಿನ ಹಳೆಯ 'ಎನ್‌ಇಡಿಸಿ' ಪರೀಕ್ಷೆ. ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ಇದು. ಅದರ ನಗರ ಭಾಗದಲ್ಲಿ ನಿಂತ ಕಾರು ಗಂಟೆಗೆ 50 ಕಿ.ಮೀ. ವೇಗ ಮುಟ್ಟಲು 26 ಸೆಕೆಂಡು ತೆಗೆದುಕೊಳ್ಳುತ್ತದೆ. 26! 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 200 ಮೀಟರ್ ಓಡಿ ಮುಗಿಸಿದ್ದು 19.19 ಸೆಕೆಂಡಿನಲ್ಲಿ. ಇಬ್ಬರನ್ನೂ ಒಂದೇ ಗೆರೆಯಿಂದ ಬಿಟ್ಟರೆ, ಬೋಲ್ಟ್ ಗುರಿ ಮುಟ್ಟುವ ಹೊತ್ತಿಗೆ ಕಾರು ಅರ್ಧ ದಾರಿಯನ್ನು ಈಗಷ್ಟೇ ದಾಟಿರುತ್ತದೆ. ಲಕ್ಷಾಂತರ ಕಾರುಗಳ ಮೈಲೇಜ್ ನಿಗದಿಯಾದದ್ದು ಮನುಷ್ಯನ ಕಾಲಿಗಿಂತ ನಿಧಾನವಾದ ಈ ಆರಂಭದಿಂದ.

ಭಾರತದ ಕಾರುಗಳ ಮೈಲೇಜ್ ಅಳೆಯುವ 'ಎಂಐಡಿಸಿ' ಇದೇ ಯೂರೋಪಿನ ಪರೀಕ್ಷೆಯ ತಮ್ಮ. ಅಲ್ಲಿ 120 ಇದ್ದ ಗರಿಷ್ಠ ವೇಗವನ್ನು ಇಲ್ಲಿ 90ಕ್ಕೆ ಇಳಿಸಲಾಗಿದೆ, ಅಷ್ಟೇ. ಇದರಲ್ಲಿ 10 ಕಿ.ಮೀ. ದಾಟಲು 20 ನಿಮಿಷವೂ ಬೇಡ. 2022ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ ಅದೇ 10 ಕಿ.ಮೀ.ಗೆ ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಗಿತ್ತು ಎನ್ನುತ್ತದೆ ಟಾಮ್‌ಟಾಮ್ ಸಂಸ್ಥೆಯ ಲೆಕ್ಕ. ಪರೀಕ್ಷೆಯ ಕಾರು ಮೂರು ಸಲ ಹೋಗಿ ಮುಟ್ಟುವ ಹೊತ್ತಿಗೆ ನಮ್ಮ ಕಾರು ಎರಡು ಸಲವಷ್ಟೇ ಮುಟ್ಟಿರುತ್ತದೆ, ಎಂಜಿನ್ ಮಾತ್ರ ಅಷ್ಟೂ ಹೊತ್ತು ಉರಿಯುತ್ತಲೇ ಇರುತ್ತದೆ.

ಪರೀಕ್ಷೆಗೂ ರಸ್ತೆಗೂ ನಡುವಿನ ಈ ಬಿರುಕು ಬೆಳೆದ ವೇಗವೂ ಸಣ್ಣದಲ್ಲ. ವಾಹನಗಳ ಹೊಗೆಯನ್ನು ಅಧ್ಯಯನ ಮಾಡುವ ಐಸಿಸಿಟಿ ಸಂಸ್ಥೆಯ ಸಂಶೋಧಕರ ಪ್ರಕಾರ ಯೂರೋಪಿನಲ್ಲಿ 2001ರಲ್ಲಿ ಅದು ಶೇ 9ರಷ್ಟಿತ್ತು. 2015ರ ಹೊತ್ತಿಗೆ ಶೇ 42! ಲೀಟರಿಗೆ 20 ಎಂದು ನಂಬಿ ಕೊಂಡ ಕಾರು 14 ಕೊಟ್ಟಂತಾಯಿತು. 2017ರಲ್ಲಿ ಹೊಸ 'ಡಬ್ಲ್ಯುಎಲ್‌ಟಿಪಿ' ಪರೀಕ್ಷೆ ಬಂತು. 11 ಕಿ.ಮೀ. ಇದ್ದ ಓಟ 23 ಆಯಿತು, ಗರಿಷ್ಠ ವೇಗ 131ಕ್ಕೆ ಏರಿತು. ಆದರೂ 2021ರಲ್ಲಿ ನೋಂದಣಿಯಾದ ಸುಮಾರು 6 ಲಕ್ಷ ವಾಹನಗಳ ಒಳಗಿನ ಮೀಟರುಗಳನ್ನೇ ಓದಿದಾಗ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಸುಮಾರು ಶೇ 20ರ ಅಂತರ ಉಳಿದೇ ಇತ್ತು. ಪ್ಲಗ್‌ಗೆ ಹಾಕಿ ಚಾರ್ಜ್ ಮಾಡುವ ಹೈಬ್ರಿಡ್‌ಗಳಲ್ಲಂತೂ ಹೊಗೆಯ ಲೆಕ್ಕ ಘೋಷಿಸಿದ್ದರ ಮೂರೂವರೆ ಪಟ್ಟು! ಕಾಗದದಲ್ಲಿ ಲೀಟರಿಗೆ 70 ಎಂದಿದ್ದರೆ ರಸ್ತೆಯಲ್ಲಿ 20 ಎಂದು ಓದಿಕೊಳ್ಳಬೇಕು.

ಈಗ ಒಂದು ಕಾರಿನಿಂದ ಇಡೀ ದೇಶಕ್ಕೆ ಬರೋಣ. 2023-24ರಲ್ಲಿ ಭಾರತ ಸುಟ್ಟ ಪೆಟ್ರೋಲ್ 3.72 ಕೋಟಿ ಟನ್, ಹೆಚ್ಚುಕಡಿಮೆ 5,000 ಕೋಟಿ ಲೀಟರ್. ಸೆಕೆಂಡಿಗೆ ಸುಮಾರು 1,600 ಲೀಟರ್. ನೀವು ಒಂದು ಸಲ ಕಣ್ಣು ಮಿಟುಕಿಸಿ ಮುಗಿಸುವಷ್ಟರಲ್ಲಿ ಹಲವು ಟ್ಯಾಂಕುಗಳು ಖಾಲಿ! ಇದರಲ್ಲಿ ಶೇ 1 ಎಂದರೆ 50 ಕೋಟಿ ಲೀಟರ್. 12,000 ಲೀಟರಿನ ಟ್ಯಾಂಕರ್ ಲಾರಿಗಳಲ್ಲಿ ತುಂಬಿಸಿದರೆ 41,000ಕ್ಕೂ ಹೆಚ್ಚು ಲಾರಿ ಬೇಕು. ಒಂದೊಂದಕ್ಕೂ 8 ಮೀಟರ್ ಜಾಗ ಎಂದುಕೊಂಡು ಒಂದರ ಹಿಂದೆ ಒಂದು ನಿಲ್ಲಿಸಿದರೆ ಸಾಲು 330 ಕಿ.ಮೀ. ಉದ್ದವಾಗುತ್ತದೆ. ಯೂರೋಪಿನ ಮೀಟರುಗಳು ತೋರಿಸಿದ ಶೇ 20ರ ಅಂತರವೇ ನಮ್ಮ ಎಲ್ಲ ಬೈಕು, ಕಾರುಗಳಿಗೂ ಇದೆ ಎಂದು ಇಟ್ಟುಕೊಳ್ಳಿ. ಆಗ ಪರೀಕ್ಷೆಯ ಲೆಕ್ಕಕ್ಕೆ ಸಿಗದೆ ಉರಿದ ಪೆಟ್ರೋಲ್ 830 ಕೋಟಿ ಲೀಟರ್ ದಾಟುತ್ತದೆ, ಲಾರಿಗಳು 6.9 ಲಕ್ಷ. ಆ ಸಾಲು 5,500 ಕಿ.ಮೀ.: ಬೆಂಗಳೂರಿನಿಂದ ದೆಹಲಿಗೆ ಹೋಗಿ, ಬೆಂಗಳೂರಿಗೆ ಮರಳಿ, ಮತ್ತೆ ಮುಂಬೈವರೆಗೆ ಚಾಚಿದರೂ ಹಿಂದೆ ಇನ್ನೂ ಲಾರಿಗಳು ಉಳಿದಿರುತ್ತವೆ. ಇದು ಒಂದು ದೇಶದ, ಒಂದು ವರ್ಷದ ಲೆಕ್ಕ, ಅದೂ ಡೀಸೆಲ್ ಸೇರಿಸದೆ.